ಫೆಬ್ರವರಿಯಲ್ಲಿ ನೆಂಟರು ಬರ್ತಾರೆ: ಬೀಚ್ ಬಿಟ್ಟು ನಮ್ಮ ಕಡೆ ಏನು ತೋರಿಸೋದು?

ಕುಮಟಾ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ. ಫೆಬ್ರವರಿ ಎರಡನೇ ವಾರ ನಮ್ಮ ಭಾವನ ಸ್ನೇಹಿತರ ಕುಟುಂಬ ಬೆಂಗಳೂರಿಂದ ಬರುತ್ತಿದೆ. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ಮಂಡಿ ನೋವಿರುವ ಅಜ್ಜಿ. ಮೂರು ದಿನ ನಮ್ಮಲ್ಲೇ ಉಳಿಯುತ್ತಾರೆ. "ಹಳ್ಳಿನೂ ಬೇಕು, ಸಮುದ್ರನೂ ಬೇಕು, ಜನಜಾತ್ರೆ ಬೇಡ" ಅಂದಿದ್ದಾರೆ. ಆದರೆ ಅವರು ಕಳಿಸಿದ ಪಟ್ಟಿ ನೋಡಿ: ಓಂ ಬೀಚ್, ಮುರುಡೇಶ್ವರ, ಯಾಣ, ಜೋಗ, ದಾಂಡೇಲಿ, ಕಾರವಾರ. ಎಲ್ಲ ಮೂರೇ ದಿನಕ್ಕೆ!

ನಮ್ಮೂರಲ್ಲಿ ಏನು ತೋರಿಸಬಹುದು ಅಂತ ಮನೆಯಲ್ಲಿ ಕೇಳಿದರೆ "ಇಲ್ಲೇನುಂಟು ಮಾರಾಯ್ತಿ, ಗಜನಿ, ಉಪ್ಪು, ಬಳಚು" ಅಂತಾರೆ. ಗಜನಿ ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಬಳಚು ಅಂದರೆ ಹೊಳೆ ಕೆಸರಲ್ಲಿ ಸಿಗುವ ಚಿಪ್ಪುಮೀನು. ನನಗೆ ಅದನ್ನೇ ತೋರಿಸುವ ಆಸೆ. ಹೇಗೆ ಹೊಂದಿಸಲಿ? ತಿಳಿದವರು ಹೇಳಿ.

ಹುಬ್ಬಳ್ಳಿ ಹುಡುಗ

ದಾಂಡೇಲಿ, ಜೋಗ ಮೊದಲು ತೆಗೆದುಹಾಕಿ. ಎರಡೂ ಬೇರೆ ಬೇರೆ ದಿಕ್ಕು. ಅಜ್ಜಿ ಮೂರು ದಿನವೂ ಕಾರಲ್ಲೇ ಕೂತಿರಬೇಕಾಗುತ್ತೆ.

ಗೋಕರ್ಣದ ಪೇಟೆ

ಗೋಕರ್ಣ ಮಾತ್ರ ಬಿಡಬೇಡಿ. ಗೋಕರ್ಣ ಅಂದರೆ ಓಂ ಬೀಚ್ ಒಂದೇ ಅಂತ ಯಾರು ಹೇಳಿದ್ದು? ಬೆಳಿಗ್ಗೆ ಆರೂವರೆಗೆ ರಥಬೀದಿಗೆ ಬನ್ನಿ. ಹೂವು ಮಾರುವವರು ಕೂತಿರುತ್ತಾರೆ, ಕೋಟಿತೀರ್ಥದ ಮೆಟ್ಟಿಲ ಮೇಲೆ ಸ್ನಾನ ಮುಗಿಸಿದವರು ಬಟ್ಟೆ ಹಿಂಡುತ್ತಿರುತ್ತಾರೆ. ಮಹಾಬಲೇಶ್ವರನ ದರ್ಶನವೂ ಬೇಗ ಆಗುತ್ತದೆ. ಗಂಡಸರು ಪಂಚೆ ತರಲಿ, ಒಳಗೆ ಅಂಗಿ ತೆಗೆಯಬೇಕು. ಬೆಂಗಳೂರಿಂದ ಬಂದ ಅಜ್ಜಿಗೆ ಗೋಕರ್ಣ ಬೇಡ ಅಂದರೆ ಅವರೇ ಬೇಸರ ಮಾಡಿಕೊಳ್ಳುತ್ತಾರೆ, ನೋಡಿ.

ಶನಿವಾರ, ಭಾನುವಾರ ಮಾತ್ರ ಬೇಡ. ಗಾಡಿ ನಿಲ್ಲಿಸಲು ಜಾಗ ಇರಲ್ಲ.

ಕುಮಟಾ ಕಡೆಯವಳು

ಸರಿ ಅಣ್ಣ, ಗೋಕರ್ಣಕ್ಕೆ ಒಂದು ಬೆಳಿಗ್ಗೆ ಇಟ್ಟೆ.

ಸಾಣಿಕಟ್ಟೆ ಸೊಸೆ

ಹಾಗಾದರೆ ಅಲ್ಲಿಂದ ತದಡಿ ರಸ್ತೆ ಹಿಡಿದು ಸಾಣಿಕಟ್ಟೆಗೆ ಬನ್ನಿ. ಫೆಬ್ರವರಿ ಅಂದರೆ ಉಪ್ಪಿನ ಆಗರದ ಕೆಲಸ ನಡೆಯುವ ಸಮಯ. ಮಳೆ ಬಿದ್ದರೆ ಎಲ್ಲ ಮುಗಿಯಿತು, ಮೇ ಕೊನೆವರೆಗೆ ಅಷ್ಟೇ.

ಮಕ್ಕಳಿಗೆ ಸುಮ್ನೆ "ಇದು ಉಪ್ಪು" ಅಂತ ರಾಶಿ ತೋರಿಸಿ ವಾಪಸ್ ಕರೆದುಕೊಂಡು ಹೋಗಬೇಡಿ. ನೀರು ಹೇಗೆ ಬರುತ್ತದೆ ಅನ್ನೋದರಿಂದ ಶುರು ಮಾಡಿ. ಉಬ್ಬರದ ನೀರನ್ನು ಮೊದಲು ದೊಡ್ಡ ಜಾಗದಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಆರಿ ಉಪ್ಪಿನಂಶ ಜಾಸ್ತಿ ಆದ ಮೇಲೆ ಸಣ್ಣ ಪಾತಿಗಳಿಗೆ ಬಿಡುತ್ತಾರೆ. ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೀರಿನ ಮೇಲ್ಮೈ ನೋಡಬೇಕು. ಹಾಲಿಗೆ ಕೆನೆ ಕಟ್ಟಿದ ಹಾಗೆ ತೆಳ್ಳಗೆ ಒಂದು ಪದರ ತೇಲುತ್ತಿರುತ್ತದೆ. ಬೆರಳು ತಾಗಿಸಿದರೆ ಒಡೆದು ಕೆಳಗೆ ಇಳಿಯುತ್ತದೆ. ತಳದಲ್ಲಿ ಹೀಗೆ ಕೂತ ಹರಳನ್ನು ಉದ್ದ ಕೋಲಿನ ಹಲಗೆಯಲ್ಲಿ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಆಗಷ್ಟೇ ಎಳೆದ ಉಪ್ಪಿನಿಂದ ನೀರು ತೊಟ್ಟಿಕ್ಕುತ್ತಾ ಇರುತ್ತದೆ.

ಇಲ್ಲಿ ಮಾಲೀಕರ ಸಹಕಾರ ಸಂಘ ಇದೆ, ಕಚೇರಿಯಲ್ಲಿ ಕೇಳಿಕೊಂಡೇ ಒಳಗೆ ಹೋಗಿ. ಬದು ಕಿರಿದು, ಅಜ್ಜಿಗೆ ಆಗಲ್ಲ. ಚಪ್ಪಲಿ ಹಾಕಿಕೊಂಡು ಪಾತಿಗೆ ಯಾರೂ ಇಳಿಯಬಾರದು. ಅದು ಜನ ತಿನ್ನುವ ಉಪ್ಪು.

ರೈಲು ಪ್ರಯಾಣಿಕ

ಅವರು ಬರುವುದು ಹೇಗೆ? ಕಾರಾ? ಪಂಚಗಂಗಾ ರೈಲಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಕುಮಟಾ. ಐದು ಜನರಿಗೆ ಅದೇ ಆರಾಮ. ಅಜ್ಜಿಗೆ ಕೆಳಗಿನ ಬರ್ತ್ ಈಗಲೇ ಮಾಡಿಸಿ, ವಾರಾಂತ್ಯಕ್ಕೆ ಸಿಗೋದು ಕಷ್ಟ.

ಶಿರಸಿ ಮಾಣಿ

ಎಲ್ಲ ಸಮುದ್ರ, ಸಮುದ್ರ ಅಂತೀರಿ. ಫೆಬ್ರವರಿಯಲ್ಲಿ ಘಟ್ಟದ ಮೇಲೆ ಆಲೆಮನೆ ಇರುತ್ತದೆ! ಕಬ್ಬಿನ ಹಾಲು, ನೊರೆಬೆಲ್ಲ, ರಾತ್ರಿ ಕೊಪ್ಪರಿಗೆ ಪಕ್ಕ ಬಿಸಿ. ಮತ್ತೆ ತೊಡದೇವು. ಮಣ್ಣಿನ ಮಡಕೆ ಬೋರಲು ಹಾಕಿ ಕೆಳಗೆ ಬೆಂಕಿ ಕೊಟ್ಟು, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಲ್ಲಿ ಮಡಕೆ ಮೇಲೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಅಂಚು ಏಳುವ ಹೊತ್ತಿಗೆ ಬಿಡಿಸಿ ಬಿಸಿ ಇರುವಾಗಲೇ ಮಡಚಬೇಕು. ಒಂದು ಕ್ಷಣ ತಡ ಆದರೆ ಪುಡಿ. ನಮ್ಮ ಅತ್ತೆ ಮಾಡುವುದನ್ನು ನೋಡುತ್ತಾ ಮಕ್ಕಳು ಅಲ್ಲಾಡದೆ ಕೂರುತ್ತವೆ.

ಬನವಾಸಿ ಮಧುಕೇಶ್ವರ, ಶಾಲ್ಮಲಾ ಹೊಳೆಯ ಸಹಸ್ರಲಿಂಗ ಎರಡೂ ಸೇರಿಸಿ ಒಂದು ದಿನ ಮಾಡಿ. ಸಹಸ್ರಲಿಂಗಕ್ಕೆ ಫೆಬ್ರವರಿ ಸರಿಯಾದ ಕಾಲ. ನೀರು ಇಳಿದಿರುತ್ತದೆ, ಬಂಡೆ ಮೇಲಿನ ಲಿಂಗಗಳು ಕಾಣುತ್ತವೆ. ಮಳೆಗಾಲದಲ್ಲಿ ಹೊಳೆ ಮಾತ್ರ ಕಾಣೋದು.

ಹುಬ್ಬಳ್ಳಿ ಹುಡುಗ

ಶಿರಸಿಗೆ ಹೋಗುವ ದೇವಿಮನೆ ಘಟ್ಟ ಹತ್ತಿ ಇಳಿಯುವುದರಲ್ಲೇ ಅರ್ಧ ದಿನ ಹೋಗುತ್ತೆ ಮಾರಾಯ. ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ಬಂದ್ ಬೇರೆ ಮಾಡಿದ್ದಾರೆ. ಹೊರಡುವ ಮೊದಲು ಕೇಳಿಕೊಳ್ಳಿ.

ಶಿರಸಿ ಮಾಣಿ

ತೊಂದರೆ ಇದೆ, ಒಪ್ಪುತ್ತೇನೆ. ಆದರೆ ಅಘನಾಶಿನಿ ಹುಟ್ಟುವುದೇ ನಮ್ಮ ಶಿರಸಿಯ ಶಂಕರಹೊಂಡದಲ್ಲಿ. ಉಂಚಳ್ಳಿಯಲ್ಲಿ ಧುಮುಕಿ, ಒಂದೇ ಒಂದು ಅಣೆಕಟ್ಟು ಇಲ್ಲದೆ ನಿಮ್ಮ ಅಳಿವೆಗೆ ಬಂದು ಸೇರುತ್ತದೆ. ಹೊಳೆಯ ಬುಡ ಬಿಟ್ಟು ಬಾಲ ಮಾತ್ರ ತೋರಿಸ್ತೀರಾ?

ಕುಮಟಾ ಕಡೆಯವಳು

ಈ ಸಲ ಬಾಲವೇ ಸಾಕು ತಮ್ಮ. ಅಜ್ಜಿಯನ್ನು ಘಟ್ಟ ಹತ್ತಿಸಲು ನನಗೆ ಧೈರ್ಯ ಇಲ್ಲ. ಹೊನ್ನಾವರ, ಕುಮಟಾ ಕಡೆ ಆಲೆಮನೆ ಎಲ್ಲಾದರೂ ಇದ್ದರೆ ಹೇಳಿ.

ಕವಲಕ್ಕಿ ರಸ್ತೆ

ಘಟ್ಟದ ಕೆಳಗೂ ಆಲೆಮನೆ ಇರುತ್ತದೆ. ಹೊನ್ನಾವರದಿಂದ ಒಳಗೆ ಬಂದರೆ ಯಾವ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಸಂಜೆ ಹೋಗಿ.

ಅಳಿವೆ ದೋಣಿ

ನಾನು ತದಡಿಯವನು. ಅಕ್ಕ, ಬಳಚಿನ ವಿಷಯ ಹೇಳುತ್ತೇನೆ, ಯಾಕಂದರೆ ಎಲ್ಲರೂ ಹೊತ್ತಲ್ಲದ ಹೊತ್ತಿಗೆ ಬಂದು "ಎಲ್ಲಿ, ಯಾರೂ ಕಾಣಲ್ಲ" ಅಂತಾರೆ.

ಬಳಚು ಹೆಕ್ಕುವುದು ಇಳಿತದಲ್ಲಿ. ಗಡಿಯಾರ ನೋಡಿ ಬಂದರೆ ಆಗಲ್ಲ, ತಿಥಿ ನೋಡಿ ಬರಬೇಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ, ದಿಬ್ಬಗಳು ಮೇಲೆ ಕಾಣುತ್ತವೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಎಂಟು ಗಂಟೆಗೆ ನೀರು ಇಳಿದಿದ್ದರೆ ನಾಳೆ ಎಂಟೂಮುಕ್ಕಾಲರ ಮೇಲೆ. ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ ಕೇಳುವುದು ಸುಲಭ.

ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು, ಕಾಲಿನ ಬೆರಳಲ್ಲೇ ಕೆಸರು ತಡವಿ ಬಳಚು ಇದೆಯಾ ನೋಡುತ್ತಾರೆ. ಸಿಕ್ಕಿದರೆ ಬಗ್ಗಿ ಕೈಗೆ ತೆಗೆದುಕೊಂಡು ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಇದು ಹೊಟ್ಟೆಪಾಡಿನ ಕೆಲಸ. ನಿಮ್ಮ ನೆಂಟರು ದೋಣಿ ಹತ್ತಿರ ತಂದು ಮುಖಕ್ಕೇ ಮೊಬೈಲ್ ಹಿಡಿಯುವುದು ಬೇಡ. ಮಾತಾಡಿಸಲಿ, ಕೇಳಲಿ, ಬೇಕಾದರೆ ಅವರ ಹತ್ತಿರವೇ ಕೊಂಡುಕೊಳ್ಳಲಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ಚಿಪ್ಪು ಕಾಲು ಕೊಯ್ಯುತ್ತದೆ, ಕೆಲವು ಕಡೆ ಹೂಳು ಮೊಣಕಾಲವರೆಗೆ ಇದೆ.

ಅಜ್ಜಿಗೆ ನಮ್ಮ ತದಡಿ ಬಂದರು ಚೆನ್ನಾಗಿದೆ. ಕೂತಲ್ಲೇ ಎಲ್ಲ ಕಾಣುತ್ತದೆ. ಅಲ್ಲಿಂದ ಅಘನಾಶಿನಿ ಊರಿಗೆ ದೋಣಿ ಇದೆ. ರಸ್ತೆಯಲ್ಲಿ ಹೋದರೆ ಮಿರ್ಜಾನ್, ಕುಮಟಾ ಸುತ್ತಬೇಕು. ದೋಣಿಯಲ್ಲಿ ಎದುರು ದಡ ಮುಟ್ಟುವುದಕ್ಕೆ ಎಷ್ಟು ಹೊತ್ತು!

ಊರ ಹಿತೈಷಿ

ಕ್ಷಮಿಸಿ, ನನಗೆ ಈ ಚರ್ಚೆಯೇ ಸರಿ ಕಾಣುತ್ತಿಲ್ಲ. ದೋಣಿ ಎಲ್ಲಿ, ಯಾವ ದಿಬ್ಬ, ಯಾವ ಹೊತ್ತು ಅಂತ ಎಲ್ಲ ಇಲ್ಲಿ ಬರೆದರೆ ನಾಳೆ ನೂರು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಕುಡ್ಲೆ ಬೀಚಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಬಾಟಲಿ ಚೂರು ಹೆಕ್ಕುವವರು ಯಾರು? ಒಂದು ರೀಲ್ ಸಾಕು, ಊರು ಹಾಳಾಗುತ್ತೆ.

ಅಳಿವೆ ದೋಣಿ

ಹಿತೈಷಿಗಳೇ, ನೀವು ಇರುವುದು ಈ ಊರಲ್ಲಾ, ಬೇರೆ ಕಡೆನಾ? ನಮಗೆ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಯ ಮೀನುಗಾರಿಕೆಯೇ ಬಂದ್. ಉಳಿದ ದಿನಗಳಲ್ಲಿ ನಾಲ್ಕು ಜನರನ್ನು ದೋಣಿಯಲ್ಲಿ ಕೂರಿಸಿ ಹೊಳೆ ತೋರಿಸಿದರೆ ಒಂದಿಷ್ಟು ಕೈಗೆ ಸಿಗುತ್ತದೆ. ಅದೂ ಬೇಡ ಅಂದರೆ ಹೇಗೆ? ಬರುವವರೆಲ್ಲ ಬಾಟಲಿ ಒಡೆಯುವವರಲ್ಲ.

ಊರ ಹಿತೈಷಿ

ನಾನೂ ಅಂಕೋಲಾದವನೇ. ಜನ ಬರಬಾರದು ಅಂತ ಹೇಳಲಿಲ್ಲ. ಹೆಸರು, ಜಾಗ ಹಾಕುವ ಮೊದಲು ಅಲ್ಲಿನವರನ್ನು ಕೇಳಿ ಅಂತ ಹೇಳಿದೆ.

ಸಾಣಿಕಟ್ಟೆ ಸೊಸೆ

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ಆದರೆ 2024ರಲ್ಲಿ ಅಘನಾಶಿನಿ ಅಳಿವೆಯನ್ನು ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿಸಿದ್ದಾರೆ, ಹೆಸರು ಈಗ ಜಗತ್ತಿಗೇ ಗೊತ್ತು. ಮುಚ್ಚಿಡಲು ಆಗಲ್ಲ. ಬಂದವರಿಗೆ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಕೆಲಸ ನಮ್ಮದು. ಈ ಅಕ್ಕನ ಹಾಗೆ ಮನೆಯಲ್ಲೇ ಇರಿಸಿಕೊಂಡು ತೋರಿಸುವವರು ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ?

ಬೆಂಗಳೂರು ಸೇರಿದವ

ಹೋದ ವರ್ಷ ಸ್ನೇಹಿತರ ಜೊತೆ ಆ ಕಡೆ ಒಂದು ರೆಸಾರ್ಟಲ್ಲಿ ಉಳಿದಿದ್ದೆ, ಹೆಸರು ಬೇಡ. "ಕರಾವಳಿ ಹಳ್ಳಿ ಊಟ" ಅಂತ ಬೋರ್ಡು. ಬಡಿಸಿದ್ದು ಗೋಬಿ ಮಂಚೂರಿ, ಪನೀರ್, ತಂದೂರಿ ರೊಟ್ಟಿ. ಬೇಲಿ ಆಚೆ ಮನೆಯಿಂದ ಬಂಗಡೆ ಸಾರಿನ ಪರಿಮಳ ಬರುತ್ತಿತ್ತು. ನನಗೆ ತುಂಬಾ ಬೇಸರ ಆಯಿತು. ದಯವಿಟ್ಟು ನಿಮ್ಮ ನೆಂಟರಿಗೆ ಮನೆ ಊಟವನ್ನೇ ಹಾಕಿ.

ಕುಮಟಾ ಕಡೆಯವಳು

ಮನೆ ಊಟವೇ. ಅಜ್ಜಿ ಮತ್ತು ಸೊಸೆ ಮೀನು ತಿನ್ನಲ್ಲ, ಉಳಿದವರು ತಿಂತಾರೆ. ಎರಡು ಒಲೆ ಹಚ್ಚುತ್ತೇನೆ.

ಕಾರವಾರದ ಮಗಳು

ಬಂಗಡೆ ಸಾರಿಗೆ ಜುಮ್ಮನಕಾಯಿ ಹಾಕಲು ಮರೆಯಬೇಡಿ! ಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ, ಸಾರು ಕುದಿಯುವಾಗ ಹಾಕಬೇಕು. ರುಬ್ಬಬಾರದು. ಬೆಂಗಳೂರಿನವರಿಗೆ ಆ ನಾಲಿಗೆ ಜುಮ್ಮೆನ್ನುವ ರುಚಿ ಬೇರೆಲ್ಲೂ ಸಿಗಲ್ಲ. ತಿನ್ನದವರಿಗೆ ಮುರುಗಲು ಸಾರು, ತಂಬುಳಿ.

ಮತ್ತೆ ಕಾರವಾರವನ್ನು ಯಾಕೆ ಎಲ್ಲರೂ ಕೈಬಿಟ್ಟಿದ್ದೀರಿ? ನಿಮ್ಮಿಂದ ಒಂದೂವರೆ ಗಂಟೆ ದಾರಿ. ಊರ ಕಡಲತೀರಕ್ಕೆ ಟ್ಯಾಗೋರರ ಹೆಸರು ಸುಮ್ನೆ ಇಟ್ಟಿದ್ದಲ್ಲ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ರವೀಂದ್ರರು ಬಂದು ಉಳಿದು ಇಲ್ಲೇ ಒಂದು ನಾಟಕ ಬರೆದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿದ್ದನ್ನೂ ಬರೆದಿದ್ದಾರೆ. ಅದೇ ತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯ ಇದೆ. ಮಕ್ಕಳು ಒಳಗೆಲ್ಲ ಓಡಾಡಬಹುದು. ಮಾಜಾಳಿ ಆಚೆ ತಿಳಮಾತಿ ಇದೆ. ಎಳ್ಳಿನ ಬಣ್ಣದ ಕಪ್ಪು ಮರಳು. ಆದರೆ ಗುಡ್ಡ ಹತ್ತಿ ಇಳಿಯಬೇಕು.

ಗೋಕರ್ಣದ ಪೇಟೆ

ಕಾರವಾರ ಜಿಲ್ಲಾ ಕೇಂದ್ರ. ಅವರು ಕೇಳಿದ್ದು ಹಳ್ಳಿ.

ಕಾರವಾರದ ಮಗಳು

ದೇವಬಾಗ, ಮಾಜಾಳಿ ಹಳ್ಳಿಯಲ್ಲದೆ ಮತ್ತೇನು? ಹಗ್ಗ ಹಿಡಿದು ರಂಪಣಿ ಬಲೆ ಎಳೆಯುವುದನ್ನು ಒಮ್ಮೆ ಬಂದು ನೋಡಿ, ಆಮೇಲೆ ಹೇಳಿ.

ಹಳೇ ಯಕ್ಷಪ್ರೇಮಿ

ಇಷ್ಟು ಹೊತ್ತಾದರೂ ಯಾರೂ ಆಟದ ಸುದ್ದಿ ಎತ್ತಲಿಲ್ಲ. ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಯಕ್ಷಗಾನ ಇಲ್ಲದ ರಾತ್ರಿ ಉಂಟಾ? ಕೆರೆಮನೆಯವರ ಇಡಗುಂಜಿ ಮಂಡಳಿ 1934ರಿಂದ ಇದೆ. ಹೊನ್ನಾವರದ ಗುಣವಂತೆಯಲ್ಲಿ ಅವರದ್ದೇ ರಂಗಮಂದಿರ ಇದೆ. ಅಲ್ಲಿ ಏನಾದರೂ ಇದೆಯಾ ವಿಚಾರಿಸಿ. ಇಲ್ಲವಾದರೆ ಗದ್ದೆ ಬಯಲಿನಲ್ಲಿ ಯಾವುದಾದರೂ ಮೇಳದ ಆಟ ಇದ್ದೇ ಇರುತ್ತದೆ, ಪೇಟೆಯ ಗೋಡೆಗಳಲ್ಲಿ ಕರಪತ್ರ ಅಂಟಿಸಿರುತ್ತಾರೆ.

ಮಕ್ಕಳನ್ನು ಬೇಗ ಕರೆದುಕೊಂಡು ಹೋಗಿ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಹೊರಗೆ ನಿಲ್ಲಿಸಿ, ಕಲಾವಿದರ ಅನುಮತಿ ಕೇಳಿ ಬಣ್ಣ ಹಚ್ಚುವುದನ್ನು ತೋರಿಸಿ. ಕಿರೀಟ ಕಟ್ಟುವ ಮೊದಲು ತಲೆಗೆ ಎಷ್ಟು ಸುತ್ತು ಬಟ್ಟೆ ಬಿಗಿಯುತ್ತಾರೆ, ಅದರ ಭಾರ ಹೊತ್ತು ಹೇಗೆ ಕುಣಿಯುತ್ತಾರೆ ಅಂತ ಹತ್ತಿರದಿಂದ ನೋಡಿದ ಮಗು ಮರೆಯುವುದಿಲ್ಲ. ಅಜ್ಜಿಗೆ ಒಂದು ಕುರ್ಚಿ, ಒಂದು ಶಾಲು. ನಡುರಾತ್ರಿ ಚಳಿ ಇರುತ್ತದೆ.

ಕುಮಟಾ ಕಡೆಯವಳು

ಅಯ್ಯೋ ಇದು ನನಗೆ ಹೊಳೆದೇ ಇರಲಿಲ್ಲ. ಖಂಡಿತ ಕರೆದುಕೊಂಡು ಹೋಗುತ್ತೇನೆ.

ಕವಲಕ್ಕಿ ರಸ್ತೆ

ಗುಣವಂತೆ ಕಡೆ ಬಂದರೆ ಕಾಸರಕೋಡು ನೋಡಿಕೊಂಡು ಹೋಗಿ. ಶರಾವತಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲಿ ಹಲಗೆ ಹಾಸಿದ ಕಾಲುದಾರಿ ಇದೆ. ಸಮತಟ್ಟಾಗಿದೆ, ಅಜ್ಜಿ ನಿಧಾನಕ್ಕೆ ನಡೆಯಬಹುದು. ನೀರು ಇಳಿದಾಗ ಕೆಸರಲ್ಲಿ ಏಡಿಗಳು, ಬೇರಿನ ಮೇಲೆ ಕೂತ ಮೀಂಚುಳ್ಳಿ ಕಾಣುತ್ತವೆ. ಕಾಸರಕೋಡು ಬೀಚಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಶೌಚಾಲಯದ ಚಿಂತೆ ಇಲ್ಲ. ವಯಸ್ಸಾದವರ ಜೊತೆ ಹೋಗುವಾಗ ಇದನ್ನು ಮೊದಲು ನೋಡಬೇಕು.

ಆ ಕಡೆ ಟೊಂಕದಲ್ಲಿ ಕಡಲಾಮೆ ಮೊಟ್ಟೆ ಇಡುವ ಕಾಲವೂ ಹೌದು. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಗೂಡು ಕಂಡರೆ ದೂರದಿಂದಲೇ ನೋಡಿ. ರಾತ್ರಿ ಟಾರ್ಚ್ ಹಾಕಿಕೊಂಡು ಹುಡುಕಬೇಡಿ. ಬೆಳಕಿಗೆ ಹೆದರಿ ಆಮೆ ಮೊಟ್ಟೆ ಇಡದೆ ವಾಪಸ್ ಹೋಗುತ್ತದೆ.

ಪ್ರವಾಸಿ 88

ಹಾಲಕ್ಕಿ ಬುಡಕಟ್ಟಿನ ಹೆಂಗಸರ ಮಣಿಸರ, ಉಡುಗೆ ನೋಡಬೇಕು ಅಂತ ನಮ್ಮ ಮನೆಯವರಿಗೆ ಆಸೆ. ಯಾವ ಕೇರಿಗೆ ಹೋದರೆ ಫೋಟೋ ಸಿಗುತ್ತೆ?

ಊರ ಹಿತೈಷಿ

ಇದಕ್ಕೇ ನಾನು ಹೇಳಿದ್ದು. ಅವರ ಕೇರಿ ಅವರ ಮನೆ. ಫೋಟೋ ತೆಗೆಯಲು ಅಂತ ಯಾರಾದರೂ ನಿಮ್ಮ ಅಂಗಳಕ್ಕೆ ಬಂದರೆ ಒಪ್ಪುತ್ತೀರಾ? ಸಾವಿರಾರು ಗಿಡ ಬೆಳೆಸಿ ಪದ್ಮಶ್ರೀ ಪಡೆದ ಹೊನ್ನಳ್ಳಿಯ ತುಳಸಿ ಗೌಡ, ಹಾಡಿಗೆ ಪದ್ಮಶ್ರೀ ಪಡೆದ ಬಡಗೇರಿಯ ಸುಕ್ರಿ ಬೊಮ್ಮಗೌಡ, ಇಬ್ಬರೂ ಅಂಕೋಲಾದವರು, ಇಬ್ಬರೂ ಈಗಿಲ್ಲ. ಅವರ ಮನೆಗಳಿಗೂ ಜನ ಹೊತ್ತು ಗೊತ್ತು ಇಲ್ಲದೆ ನುಗ್ಗುತ್ತಿದ್ದರು. ಪೇಟೆಯಲ್ಲಿ ತರಕಾರಿ ಮಾರಲು ಹಾಲಕ್ಕಿ ಹೆಂಗಸರು ಕೂತಿರುತ್ತಾರೆ. ಸೊಪ್ಪು, ಬಸಳೆ, ಗೆಣಸು ಕೊಳ್ಳಿ, ಮಾತಾಡಿಸಿ. ಹೋಳಿ ಸಮಯಕ್ಕೆ ಬಂದರೆ ಸುಗ್ಗಿ ಕುಣಿತದವರು ತಾವೇ ಮನೆ ಮನೆಗೆ ಬರುತ್ತಾರೆ. ಆಗ ಗೌರವದಿಂದ ನೋಡಿ.

ಪ್ರವಾಸಿ 88

ಸರಿ, ಅರ್ಥ ಆಯಿತು. ಪೇಟೆಗೇ ಹೋಗುತ್ತೇವೆ.

ಹುಬ್ಬಳ್ಳಿ ಹುಡುಗ

ಕುಮಟಾ ಈರುಳ್ಳಿ ಒಂದು ಹೊರೆ ಕಟ್ಟಿ ಕಳಿಸಿ ಅಕ್ಕ ಅವರಿಗೆ. ಹೆದ್ದಾರಿ ಬದಿಯಲ್ಲೇ ನೇತುಹಾಕಿ ಮಾರುತ್ತಾರಲ್ಲ.

ಅಳ್ವೆಕೋಡಿ

ಫೆಬ್ರವರಿಗೆ ಎಲ್ಲಿಂದ ತರೋದು? ನಮ್ಮ ಸಿಹಿ ಈರುಳ್ಳಿ ಹೆದ್ದಾರಿಗೆ ತುಂಬಿ ಬರುವುದು ಏಪ್ರಿಲ್, ಮೇ ಹೊತ್ತಿಗೆ. ಎಲೆ ಸಮೇತ ಹೆಣೆದು ಗೊಂಚಲು ಕಟ್ಟಿರುತ್ತೇವೆ. ಅದಕ್ಕೆ ಮೊದಲು ಯಾರಾದರೂ "ಕುಮಟಾ ಈರುಳ್ಳಿ" ಅಂತ ಮಾರಿದರೆ ನೋಡಿ ಕೊಳ್ಳಿ. ಕರಿ ಇಶಾಡ ಮಾವಿಗೂ ಮೇ ತಿಂಗಳೇ ಆಗಬೇಕು. ಬೇಸಿಗೆ ರಜೆಗೆ ಇನ್ನೊಮ್ಮೆ ಬರಲು ಹೇಳಿ.

ಗಜನಿ ರೈತ

ಮಾಣಿಕಟ್ಟೆ ಕಡೆ ಗಜನಿ ತೋರಿಸುತ್ತೀರಾದರೆ ಒಂದು ಮಾತು. ಫೆಬ್ರವರಿಯಲ್ಲಿ ಕಗ್ಗ ಭತ್ತ ಇರುವುದಿಲ್ಲ, ನೀರು ಮಾತ್ರ. ಕಗ್ಗ ಬಿತ್ತುವುದು ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ. ಆಳೆತ್ತರ ಬೆಳೆಯುತ್ತದೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ದ ಮೇಲೆ ಕಟ್ಟೆಯ ಹಲಗೆ ಬಾಗಿಲು ತೆಗೆದು ಉಬ್ಬರದ ನೀರು ಬಿಡುತ್ತೇವೆ. ಕೂಳೆ ಕೊಳೆತು ಮೀನು, ಶೆಟ್ಲಿಗೆ (ಸಿಗಡಿಗೆ) ಆಹಾರ ಆಗುತ್ತದೆ. ಹಾಗಾಗಿ ಈಗ ಬಂದವರಿಗೆ ಕಾಣುವುದು ಮೀನಿನ ಗಜನಿ ಮತ್ತು ಬೆಳ್ಳಕ್ಕಿಗಳು.

ಆ ಕಟ್ಟೆ ಬಾಗಿಲನ್ನು ಮಾತ್ರ ತಪ್ಪದೆ ತೋರಿಸಿ. ಗದ್ದೆಯೂ ಸಮುದ್ರವೂ ಒಂದೇ ನೆಲದಲ್ಲಿ ಸರದಿ ಮೇಲೆ ನಡೆಯುವುದು ಅದರಿಂದಲೇ. ಕಗ್ಗ ಬೆಳೆಯುವವರು ಕಡಿಮೆ ಆಗುತ್ತಿದ್ದಾರೆ, ಕಟ್ಟೆ ಒಡೆದರೆ ಊರೆಲ್ಲ ಸೇರಿ ಕಟ್ಟುವ ಕಾಲ ಹೋಯಿತು. ಮನೆಯಲ್ಲಿ ಕಗ್ಗದ ಅಕ್ಕಿ ಇದ್ದರೆ ಒಂದು ಹೊತ್ತು ಗಂಜಿ ಮಾಡಿ ಹಾಕಿ. ಕೆಂಪಕ್ಕಿ, ಅಜ್ಜಿಗೆ ಹಿಡಿಸುತ್ತದೆ.

ಸಾಣಿಕಟ್ಟೆ ಸೊಸೆ

ಮಿರ್ಜಾನ್ ಕೋಟೆಯನ್ನೂ ಒಂದು ಸಂಜೆಗೆ ಸೇರಿಸಿ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಕೋಟೆ, ಮೆಣಸು ಇದೇ ಹೊಳೆಯಲ್ಲಿ ಇಳಿದು ಸಮುದ್ರಕ್ಕೆ ಹೋಗುತ್ತಿತ್ತು. ಹೆಬ್ಬಾಗಿಲ ಮೆಟ್ಟಿಲು ಒಂದು ಕಷ್ಟ. ಅಜ್ಜಿ ಹೊರಗೆ ಕೂತರೂ ಕಂದಕ, ಗೋಡೆ ಕಾಣುತ್ತದೆ.

ತೀರದ ಕಾವಲು

ಕೊನೆಗೆ ಸಮುದ್ರ ಸ್ನಾನದ ವಿಷಯ. ಯಾರೂ ಬರೆಯಲಿಲ್ಲ ಅಂತ ಬರೆಯುತ್ತಿದ್ದೇನೆ. ಬಾಡ, ವನ್ನಳ್ಳಿ, ಧಾರೇಶ್ವರ ಎಲ್ಲ ಶಾಂತವಾಗಿ ಕಾಣುತ್ತವೆ. ಆದರೆ ಕಾವಲು ಇಲ್ಲದ ಕಡೆ ಮಕ್ಕಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ. ಅಳಿವೆ ಬಾಯಲ್ಲಿ ಇಳಿತದ ಹೊತ್ತು ನೀರು ಹೊರಗೆ ಎಳೆಯುತ್ತದೆ, ಈಜು ಬಂದವರನ್ನೂ ಬಿಡುವುದಿಲ್ಲ. ಬಂಡೆ ಹತ್ತಿ ಸೆಲ್ಫಿ ಬೇಡವೇ ಬೇಡ. ಊರಿನವರು "ಇಲ್ಲಿ ಬೇಡ" ಅಂದರೆ ವಾದ ಮಾಡದೆ ವಾಪಸ್ ಬನ್ನಿ.

ಅಳಿವೆ ದೋಣಿ

ನೂರಕ್ಕೆ ನೂರು ನಿಜ. ದೋಣಿಯಲ್ಲೂ ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ, ಸಂಕೋಚ ಬೇಡ.

ಕುಮಟಾ ಕಡೆಯವಳು

ಎಲ್ಲರಿಗೂ ತುಂಬಾ ಧನ್ಯವಾದ. ಆ ಪಟ್ಟಿ ಬದಿಗಿಡಲು ಅವರೂ ಒಪ್ಪಿದ್ದಾರೆ. ಇನ್ನೊಂದು ಕೇಳಬೇಕಿತ್ತು: ಸಾಣಿಕಟ್ಟೆಯಲ್ಲಿ ಉಪ್ಪು ಬಿಡಿಯಾಗಿ ಕೊಡುತ್ತಾರಾ? ಅಜ್ಜಿಗೆ ಉಪ್ಪಿನಕಾಯಿಗೆ ಬೇಕಂತೆ.

ಸಾಣಿಕಟ್ಟೆ ಸೊಸೆ

ಅಲ್ಲೇ ಕೇಳಿ, ಇಲ್ಲದಿದ್ದರೆ ಗೋಕರ್ಣದ ಅಂಗಡಿಗಳಲ್ಲಿ ಸಿಗುತ್ತದೆ. ಹರಳುಪ್ಪೇ ತೆಗೆದುಕೊಳ್ಳಿ.

ಶಿರಸಿ ಮಾಣಿ

ಉಪ್ಪಿನಕಾಯಿ ಅಂದರೆ ಅಪ್ಪೆಮಿಡಿನಾ? ಎರಡನೇ ವಾರಕ್ಕೆ ಮಿಡಿ ಬರುವುದು ಅನುಮಾನ. ತಿಂಗಳ ಕೊನೆಗೆ ಶಿರಸಿ ಪೇಟೆಗೆ ಬರಲು ಶುರುವಾಗುತ್ತದೆ. ಬೇಕಾದರೆ ತೊಟ್ಟು ಮುರಿಯದ ಮಿಡಿ ನೋಡಿ ಬಸ್ಸಿಗೆ ಹಾಕಿಸುತ್ತೇನೆ.

ಕಾರವಾರದ ಮಗಳು

ಬಸ್ಸಲ್ಲಿ ಬಂದರೆ ಸೊನೆ ಉಳಿಯುತ್ತಾ?

ಶಿರಸಿ ಮಾಣಿ

ಉಳಿಯುತ್ತೆ. ಕೊಯ್ದ ದಿನವೇ ಕಳಿಸಬೇಕು, ಕೈಗೆ ಸಿಕ್ಕ ರಾತ್ರಿಯೇ ಉಪ್ಪಿಗೆ ಹಾಕಬೇಕು, ಅಷ್ಟೇ.